ಸಾಫ್ಟ್‌ಬಾಲ್ ಆಡಿದ್ರ ಮುಂದೇನು?

ನಮ್ಮ ತಂಡದ ಪಿಚರ್ ಖಾನಾಪುರದವಳು. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಬೆಳಗಾವಿ ಬಸ್ ಹಿಡಿದು ಬರ್ತಾಳೆ, ಸಂಜೆ ಪ್ರಾಕ್ಟೀಸ್ ಮುಗಿಸಿ ಕತ್ತಲಾದ ಮೇಲೆ ಮನೆ ಮುಟ್ತಾಳೆ. ನಾನು ಕ್ಯಾಚರ್. ಅಂದ್ರೆ ಅವಳು ಎಸೆದ ಚೆಂಡು ಕೊನೆಗೆ ಬಂದು ಬೀಳೋದು ನನ್ನ ಗ್ಲೌಸಿನಲ್ಲಿ, ಒಮ್ಮೊಮ್ಮೆ ನನ್ನ ಮೊಣಕಾಲಿನ ಮೇಲೆ. ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟು ಅವರಪ್ಪ ಕೇಳಿದ್ರು: “ಯವ್ವಾ, ಇಷ್ಟ ವರ್ಷ ಒದ್ದಾಡೀರಿ, ಇದರಿಂದ ಮುಂದ ಏನರ ಆಗ್ತೈತೇನು?” ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಹುಡುಕಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ಪ್ರಶ್ನೆ ನಮ್ಮದೊಂದೇ ಅಲ್ಲ.

ಮೊದಲು ಆಟದ ಬಗ್ಗೆ. “ಸಾಫ್ಟ್‌ಬಾಲ್ ಅಂದ್ರೆ ಟೆನಿಸ್ ಬಾಲ್ ಕ್ರಿಕೆಟ್ಟಾ?” ಅಂತ ಹಾಸ್ಟೆಲಿನಲ್ಲಿ ಕೇಳಿದವರು ಬಹಳ ಮಂದಿ. ಅಲ್ಲ. ಹೆಸರಷ್ಟೇ ಮೆತ್ತಗೆ, ಚೆಂಡು ಮೆತ್ತಗಿಲ್ಲ. ಸುತ್ತಳತೆ ಸುಮಾರು 30.5 ಸೆಂ.ಮೀ., ತೂಕ 180ರಿಂದ 200 ಗ್ರಾಂ ಒಳಗೆ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ತಂಡಕ್ಕೆ ಒಂಬತ್ತು ಮಂದಿ, ಏಳು ಇನಿಂಗ್ಸ್, 60 ಅಡಿ ಅಂತರದಲ್ಲಿ ಬೇಸ್‌ಗಳು. ಬ್ಯಾಟಿಂಗ್ ಮಾಡೋಳು ಚೆಂಡು ಹೊಡೆದು ಮೂರು ಬೇಸ್ ಸುತ್ತಿ ಹೋಮ್ ಪ್ಲೇಟ್ ಮುಟ್ಟಿದ್ರೆ ಒಂದು ರನ್. ಪಿಚರ್ ಕೈಯನ್ನ ಭುಜದಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಚೆಂಡು ಬಿಡ್ತಾಳೆ. ಗಾಳಿಯಂತ್ರದ ರೆಕ್ಕೆ ಹಾಗೆ.

ಆಟ ಹುಟ್ಟಿದ್ದು 1887ರಲ್ಲಿ, ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಗೆ. ಹೊರಗೆ ಚಳಿ, ಒಳಗಿದ್ದವರು ಬಾಕ್ಸಿಂಗ್ ಗ್ಲೌಸನ್ನೇ ಚೆಂಡಿನಂತೆ ಕಟ್ಟಿ, ಕೋಲಿನಿಂದ ಹೊಡೆಯೋಕೆ ಶುರು ಮಾಡಿದ್ರು ಅನ್ನೋದು ಕಥೆ. ಚಿನ್ನಿ ದಾಂಡು ಆಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಭಾರತದಲ್ಲಿ ಇದರ ಸಂಘಟನೆ ಶುರುವಾದದ್ದು 1961ರಲ್ಲಿ, ಜೋಧಪುರದಿಂದ, ದಶರಥ ಮಲ್ ಮೆಹ್ತಾ ಅವರ ಮುತುವರ್ಜಿಯಲ್ಲಿ.

ಈಗ ಲೆಕ್ಕ. ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆ, ಲೆಕ್ಕ ಇಲ್ಲದಿದ್ರೆ ಹೆಂಗೆ? ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲೋ ಜಾಗದಿಂದ ಹೋಮ್ ಪ್ಲೇಟಿಗೆ 43 ಅಡಿ, ಅಂದ್ರೆ 13.11 ಮೀಟರ್. ಅವಳು ಮುಂದಕ್ಕೆ ನೆಗೆದು ಚೆಂಡು ಬಿಡೋದರಿಂದ ಚೆಂಡಿಗೆ ಉಳಿಯೋ ದಾರಿ ಸುಮಾರು 11.3 ಮೀಟರ್. ಒಲಿಂಪಿಕ್ ಮಟ್ಟದ ಪಿಚರ್ ಗಂಟೆಗೆ 110 ಕಿ.ಮೀ. ವೇಗದಲ್ಲಿ ಎಸೀತಾಳೆ ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 30.6 ಮೀಟರ್ ಆಯ್ತು. ಭಾಗಿಸಿದ್ರೆ 0.37 ಸೆಕೆಂಡ್. ಕ್ರಿಕೆಟ್ಟಿನಲ್ಲಿ 145 ಕಿ.ಮೀ. ವೇಗದ ಚೆಂಡು ಬೌಲರ್ ಕೈಯಿಂದ ಬ್ಯಾಟಿಗೆ ಬರೋಕೆ 0.44 ಸೆಕೆಂಡಿಗಿಂತ ಹೆಚ್ಚೇ ಬೇಕು, ಪಿಚ್ ಬಿದ್ದು ನಿಧಾನ ಆಗೋದು ಬೇರೆ. ಬ್ಯಾಟ್ ಬೀಸೋಕೇ ಸುಮಾರು 0.15 ಸೆಕೆಂಡ್ ಹೋಗುತ್ತೆ. ಉಳಿದದ್ದರಲ್ಲಿ ನೋಡಬೇಕು, ಬೀಸಬೇಕೋ ಬೇಡವೋ ತೀರ್ಮಾನ ಮಾಡಬೇಕು. “ಹುಡುಗ್ಯಾರ ಆಟ” ಅಂತ ನಗೋ ಗೆಳೆಯರು ಒಮ್ಮೆ ಪ್ಯಾಡ್ ಕಟ್ಟಿಕೊಂಡು ಬರ್ರಿ.

ಇನ್ನೊಂದು ಮಜಾ ರೈಸ್‌ಬಾಲ್. ಎದುರಿಗೆ ನಿಂತೋರಿಗೆ ಚೆಂಡು ಹತ್ತಿರ ಬಂದು ಮೇಲಕ್ಕೆ ಎಗರಿದಂಗೆ ಕಾಣುತ್ತೆ. ಪಿಚರ್ ಚೆಂಡಿಗೆ ಹಿಂದಕ್ಕೆ ತಿರುಗೋ ಸ್ಪಿನ್ ಕೊಟ್ಟಿರ್ತಾಳೆ. ಚೆಂಡು ಗಾಳಿಯನ್ನ ಕೆಳಕ್ಕೆ ತಳ್ಳುತ್ತೆ, ಗಾಳಿ ಚೆಂಡನ್ನ ಮೇಲಕ್ಕೆ. ಎರಡನೇ ಸೆಮಿಸ್ಟರಿನಲ್ಲಿ ಹೆಸರು ಬಾಯಿಪಾಠ ಮಾಡಿ ಮರೆತ ಮ್ಯಾಗ್ನಸ್ ಎಫೆಕ್ಟ್ ಇದೇ. ಆದ್ರೆ ಚೆಂಡು ನಡುದಾರಿಯಲ್ಲಿ ಎಗರೋದಿಲ್ಲ. 0.37 ಸೆಕೆಂಡಿನಲ್ಲಿ ಗುರುತ್ವದಿಂದಲೇ ಅದು ತನ್ನ ನೇರ ದಾರಿಯಿಂದ 67 ಸೆಂ.ಮೀ. ಕೆಳಗೆ ಬರಬೇಕು, ಸ್ಪಿನ್ ಇದ್ರೆ ಅಷ್ಟು ಬರೋದಿಲ್ಲ. ಬರುತ್ತೆ ಅಂತ ಕಣ್ಣು ಕಾಯ್ತಿರುತ್ತೆ, ಬ್ಯಾಟು ಕೆಳಗೆ ಹೋಗುತ್ತೆ, ಚೆಂಡು ಮೇಲಿಂದ ನನ್ನ ಗ್ಲೌಸಿಗೆ. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಜೆನ್ನಿ ಫಿಂಚ್ ಎಸೆತಕ್ಕೆ ಆಲ್ಬರ್ಟ್ ಪುಹೋಲ್ಸ್, ಮೈಕ್ ಪಿಯಾಜಾ ಥರದ ಬೇಸ್‌ಬಾಲ್ ದಿಗ್ಗಜರು ಸ್ಟ್ರೈಕ್‌ಔಟ್ ಆದದ್ದಕ್ಕೆ ಅರ್ಧ ಕಾರಣ ಇಂಥದ್ದೇ: ಅವರ ಕಣ್ಣು ಪಳಗಿದ್ದು ಮೇಲಿಂದ ಬರೋ ಚೆಂಡಿಗೆ.

ಫಿಂಚ್ ಕಾಲೇಜು ಆಟಗಾರ್ತಿ, ಅದಕ್ಕೇ ಅವಳ ಮಾತು ತೆಗೆದೆ. ಅರಿಜೋನಾ ವಿಶ್ವವಿದ್ಯಾಲಯದ ಪರ ಆಡ್ತಾ 2001ರ ಸೀಸನ್‌ನಲ್ಲಿ 32 ಗೆಲುವು, ಸೋಲು ಸೊನ್ನೆ. 2004ರ ಅಥೆನ್ಸ್‌ನಲ್ಲಿ ಚಿನ್ನ, 2008ರಲ್ಲಿ ಬೆಳ್ಳಿ, 2010ರಲ್ಲಿ ನಿವೃತ್ತಿ. ಅಮೆರಿಕದಲ್ಲಿ ಈ ದಾರಿ ಇರೋದು 1972ರ ಟೈಟಲ್ 9 ಅನ್ನೋ ಕಾನೂನಿನಿಂದ: ಸರ್ಕಾರದ ದುಡ್ಡು ತಗೊಳ್ಳೋ ಕಾಲೇಜು ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕು. ಅದರಿಂದ ಸ್ಕಾಲರ್‌ಶಿಪ್ ಬಂತು. ಜಪಾನಿನ ದಾರಿ ಬೇರೆ. ಯುಕಿಕೊ ಉಎನೊ ಆಡಿದ್ದು ಕಂಪನಿ ತಂಡಕ್ಕೆ. 2008ರ ಬೀಜಿಂಗ್‌ನಲ್ಲಿ ಎರಡು ದಿನದಲ್ಲಿ ಮೂರು ಪಂದ್ಯ, 413 ಎಸೆತ, ಚಿನ್ನ. 13 ವರ್ಷ ಆದ ಮೇಲೆ ಟೋಕಿಯೋದಲ್ಲಿ, 39ನೇ ವಯಸ್ಸಿನಲ್ಲಿ, ಮತ್ತೆ ಚಿನ್ನ. ನಡುವೆ 2012, 2016ರಲ್ಲಿ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲೇ ಇರಲಿಲ್ಲ. ಆ ವರ್ಷಗಳನ್ನ ಅವಳು ದಾಟಿದ್ದು ಕಂಪನಿ ತಂಡ ಅನ್ನೋದೊಂದು ಇದ್ದದ್ದಕ್ಕೆ. 2028ರ ಲಾಸ್ ಏಂಜಲೀಸ್‌ಗೆ ಆಟ ವಾಪಸ್ ಬರ್ತಿದೆ.

ನಮ್ಮಲ್ಲಿ ಅದೂ ಇಲ್ಲ, ಇದೂ ಇಲ್ಲ. ಇರೋದು ಒಂದು ಏಣಿ. ಖಾನಾಪುರದ ಡಿಗ್ರಿ ಕಾಲೇಜಿನ ಹುಡುಗಿಯಾದ್ರೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ತಂಡ, ನಮ್ಮಂಥೋರಾದ್ರೆ ವಿಟಿಯು ತಂಡ. ಕಾಲೇಜುಗಳ ನಡುವಿನ ಪಂದ್ಯ, ಅಲ್ಲಿಂದ ಆಯ್ಕೆ, ಆಮೇಲೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಇದಕ್ಕೆ ಸಮಾನಾಂತರವಾಗಿ ರಾಜ್ಯ ಸಂಸ್ಥೆಯ ಆಯ್ಕೆ, ರಾಷ್ಟ್ರೀಯ ಚಾಂಪಿಯನ್‌ಶಿಪ್. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಸಾಫ್ಟ್‌ಬಾಲ್ ಇತ್ತು. ಆದ್ರೆ 2020ರಲ್ಲಿ ಶುರುವಾದ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನ ಮೊದಲ 17 ಆಟಗಳಲ್ಲಿ ನಮ್ಮದಿಲ್ಲ. ಟಿವಿ, ಸುದ್ದಿ ಎಲ್ಲಾ ಅಲ್ಲಿರುತ್ತೆ. ಇದರ ಮೇಲೆ ಮಳೆ. ಜೂನ್‌ನಿಂದ ಖಾನಾಪುರದ ಕಡೆ ಕೆಂಪು ನೆಲ ಕೆಸರಾದ್ರೆ ಬೇಸ್‌ಗೆ ಜಾರೋದಲ್ಲ, ನಿಲ್ಲೋದೇ ಕಷ್ಟ.

ಹಾಜರಿ ವಿಷಯ ಎಲ್ಲರಿಗೂ ಗೊತ್ತು: 85 ಪರ್ಸೆಂಟ್. ಅದರಲ್ಲಿ 10ರವರೆಗಿನ ಕೊರತೆಯನ್ನ ಸಕಾರಣ ಇದ್ರೆ ಮನ್ನಾ ಮಾಡಬಹುದು, ವಿಶ್ವವಿದ್ಯಾಲಯದ ಪರ ಆಡೋದು ಅಂಥ ಕಾರಣಗಳಲ್ಲೊಂದು. ಗಮನಿಸಿ, ಕಾಲೇಜಿನ ಪ್ರಾಕ್ಟೀಸ್ ಅಲ್ಲ. ಅರ್ಜಿಯನ್ನ ಹೋಗೋ ಮೊದಲೇ ಕೊಡ್ರಿ. ಬಂದ ಮೇಲೆ ಓಡಾಡಿದ್ರೆ ಏನಾಗುತ್ತೆ ಅಂತ ನನ್ನ ಮೂರನೇ ಸೆಮಿಸ್ಟರ್ ಕೇಳಿದ್ರೆ ಹೇಳುತ್ತೆ.

ಇನ್ನು ಅಪ್ಪನ ಪ್ರಶ್ನೆ. ಕೇಂದ್ರ ಸರ್ಕಾರದ ಗ್ರೂಪ್ ‘ಸಿ’ ನೇರ ನೇಮಕಾತಿಯಲ್ಲಿ 5 ಪರ್ಸೆಂಟ್‌ವರೆಗೆ ಕ್ರೀಡಾಪಟುಗಳನ್ನ ತಗೋಬಹುದು. ಯಾವ್ಯಾವ ಆಟ ಅನ್ನೋ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಮೊದಲಿಂದ ಇದೆ. (ಬೇಸ್‌ಬಾಲ್ ಸೇರಿದ್ದು 2020ರಲ್ಲಿ. ಅಣ್ಣನಿಗಿಂತ ತಂಗಿ ಮೊದಲು!) ಆದ್ರೆ ಎಲ್ಲರೂ ಒಂದೇ ಸಾಲಿನಲ್ಲಿಲ್ಲ. ಮೊದಲು ದೇಶಕ್ಕೆ ಆಡಿದವರು. ಆಮೇಲೆ ರಾಜ್ಯದ ಪರ ರಾಷ್ಟ್ರೀಯ ಮಟ್ಟದಲ್ಲಿ ಮೂರನೇ ಸ್ಥಾನದೊಳಗೆ ಬಂದವರು. ಆಮೇಲೆ ಅಂತರ ವಿಶ್ವವಿದ್ಯಾಲಯದಲ್ಲಿ ಮೂರರೊಳಗೆ ಬಂದವರು. ಅವರ ಹಿಂದೆ ಶಾಲಾ ಮಟ್ಟದ ಪದಕದವರು. ಪದಕ ಇಲ್ಲದೆ ಆಡಿದವರು ಕೊನೆಗೆ. ವಯಸ್ಸಿನಲ್ಲಿ 5 ವರ್ಷದವರೆಗೆ, ಪರಿಶಿಷ್ಟರಿಗೆ 10 ವರ್ಷದವರೆಗೆ ಸಡಿಲಿಕೆ ಉಂಟು.

ಪುರಾವೆಗೆ ನಿಗದಿತ ನಮೂನೆಗಳಿವೆ. ರಾಜ್ಯದ ಪರ ಆಡಿದ್ರೆ ಫಾರ್ಮ್ 2, ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ. ವಿಶ್ವವಿದ್ಯಾಲಯದ ಪರ ಆಡಿದ್ರೆ ಫಾರ್ಮ್ 3, ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ. ಮೈದಾನದಲ್ಲಿ ಕೊಟ್ಟ ಬಣ್ಣದ ಸರ್ಟಿಫಿಕೇಟ್ ಗೋಡೆಗೆ ಚೆಂದ, ನೌಕರಿಗೆ ಬೇಕಾದ್ದು ಈ ಸಪ್ಪೆ ಹಾಳೆ. ನಮ್ಮ ಸೀನಿಯರ್‌ಗಳಲ್ಲಿ ಬಹಳ ಮಂದಿ ಇದನ್ನ ಮಾಡಿಸದೇ ಊರಿಗೆ ಹೋದ್ರು.

ನಮ್ಮ ಪಿಚರ್ ವಿಶ್ವವಿದ್ಯಾಲಯಕ್ಕೆ ಒಮ್ಮೆ ಆಡಿದ್ದಾಳೆ, ಪದಕ ಬಂದಿಲ್ಲ. ಅಂದ್ರೆ ಸಾಲಿನ ಕೊನೆಯ ಗುಂಪು. ಈ ವರ್ಷ ಇನ್ನೊಂದು ಅವಕಾಶ ಇದೆ, ಅದೇ ವಾರ ಪ್ಲೇಸ್‌ಮೆಂಟ್ ಡ್ರೈವ್ ಕೂಡ. ಯಾವುದು ಬಿಡಬೇಕು ಅಂತ ನಾನು ಹೇಳಲಿಲ್ಲ, ಹೇಳೋಕೆ ಬರೋದೂ ಇಲ್ಲ. ಮುಂದಿನ ಸಲ ಖಾನಾಪುರಕ್ಕೆ ಹೋದಾಗ ಇದನ್ನೆಲ್ಲ ಅವರಪ್ಪನಿಗೆ ವಿವರಿಸಿದೆ, ಕೊನೆಯ ಸಾಲಿನ ಮಾತೂ ಮುಚ್ಚಿಡಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಮಗಳ ಕಡೆ ತಿರುಗಿದ್ರು.

“ಆ ಮೂರನೇ ಫಾರ್ಮ್ ಸಹಿ ಯಾವಾಗ ಮಾಡಸ್ತಿ?”