ಬಾನಿನ ಮೂಲಕ ಮಾತು

ದಿನಬಳಕೆಯ ಮೊಬೈಲ್ ದೂರವಾಣಿಯು ನೆಲದ ಮೇಲೆ ನಿಲ್ಲಿಸಿದ ಗೋಪುರಗಳನ್ನು ನೆಚ್ಚಿಕೊಂಡಿದೆ. ಗೋಪುರಗಳಿಲ್ಲದ ನಡುಗಡಲಿನಲ್ಲಿ, ಹಿಮಾಲಯದ ಕಣಿವೆಗಳಲ್ಲಿ ಅದು ಮೂಕವಾಗುತ್ತದೆ. ಚಂಡಮಾರುತವೋ ಭೂಕಂಪವೋ ಗೋಪುರಗಳನ್ನು ಕೆಡವಿದಾಗ ಊರಿನೊಳಗೂ ಅದೇ ಗತಿ. ಅಂತಹ ಹೊತ್ತಿನಲ್ಲಿ ನೆರವಿಗೆ ಬರುವುದು ಉಪಗ್ರಹ ದೂರವಾಣಿ. ಆದರೆ ಇವೆಲ್ಲವೂ ಒಂದೇ ಬಗೆಯವಲ್ಲ. ಮಾತು ಎಷ್ಟು ಚೆನ್ನಾಗಿ ಕೇಳಿಸುತ್ತದೆ, ಸಂಪರ್ಕ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಬಹುಮಟ್ಟಿಗೆ ಉಪಗ್ರಹದ ಎತ್ತರವನ್ನು ಅವಲಂಬಿಸಿದೆ.

ಹಡಗುಗಳ ಸುರಕ್ಷತೆಗಾಗಿ 1979ರಲ್ಲಿ ಸ್ಥಾಪಿತವಾದ ಇನ್ಮಾರ್ಸಾಟ್‌ನ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿವೆ. ಹಾಸನದ ಕೇಂದ್ರದಿಂದ ಇಸ್ರೋ ನಿಯಂತ್ರಿಸುವ ಸಂಪರ್ಕ ಉಪಗ್ರಹಗಳೂ ಇದೇ ಎತ್ತರದವು. ಭೂಮಿಯ ಆವರ್ತನಕ್ಕೆ ಸರಿಯಾಗಿ ಸುತ್ತುವ ಇವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತವೆ. ಒಮ್ಮೆ ಆಂಟೆನಾವನ್ನು ಅತ್ತ ತಿರುಗಿಸಿದರೆ ಸಂಪರ್ಕ ಸ್ಥಿರವಾಗಿ ನಿಲ್ಲುತ್ತದೆ. ಆದರೆ ಮಾತು ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡು ಬೇಕು; ಉತ್ತರಕ್ಕೆ ಮತ್ತೊಂದು ಕಾಲು. ಈ ಅರ್ಧ ಸೆಕೆಂಡಿನ ಮೌನವನ್ನು ಅರಿಯದವರು, ಆಚೆಯವರಿಗೆ ಕೇಳಿಸಲಿಲ್ಲವೆಂದು ಬಗೆದು ಮತ್ತೆ ಬಾಯಿ ತೆರೆಯುತ್ತಾರೆ. ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಎರಡೂ ಕೆಡುತ್ತವೆ. ಧ್ರುವಪ್ರದೇಶಗಳಲ್ಲಂತೂ ಈ ಉಪಗ್ರಹಗಳು ದಿಗಂತದ ಕೆಳಗೆ ಮರೆಯಾಗುತ್ತವೆ.

1998ರಲ್ಲಿ ಸೇವೆ ಆರಂಭಿಸಿದ ಇರಿಡಿಯಮ್ ಬೇರೆ ದಾರಿ ಹಿಡಿಯಿತು. ಅದರ 66 ಉಪಗ್ರಹಗಳು ಕೇವಲ 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. (ಮೊದಲು ಯೋಜಿಸಿದ್ದು 77, ಆ ಪರಮಾಣು ಸಂಖ್ಯೆಯ ಧಾತುವಿನ ಹೆಸರೇ ಜಾಲಕ್ಕೆ ಬಂದಿತು. ಸಂಖ್ಯೆ ಇಳಿದರೂ ಹೆಸರು ಉಳಿಯಿತು.) ಇಲ್ಲಿ ಉತ್ತರಕ್ಕಾಗಿ ಅಷ್ಟು ಕಾಯಬೇಕಿಲ್ಲ. ಆದರೆ ಒಂದೊಂದು ಉಪಗ್ರಹವೂ ಕಣ್ಣಳತೆಯಲ್ಲಿರುವುದು ಹತ್ತು ನಿಮಿಷಕ್ಕೂ ಕಡಿಮೆ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಕರೆಯನ್ನು ಒಂದು ಉಪಗ್ರಹ ಮತ್ತೊಂದಕ್ಕೆ ಒಪ್ಪಿಸಬೇಕು. ನಡುವೆ ಬೆಟ್ಟದ ಏಣು ಅಡ್ಡ ಬಂದರೆ ಕರೆ ಕಡಿಯುತ್ತದೆ. ಕೆಲವು ನಿಮಿಷ ತಾಳಿದರೆ ಮತ್ತೊಂದು ಉಪಗ್ರಹ ಕಾಣಿಸಿಕೊಳ್ಳುತ್ತದೆ. ಧ್ವನಿಯನ್ನು ಬಹಳ ಅಡಕಗೊಳಿಸಿ ಕಳುಹಿಸುವುದರಿಂದ ಪರಿಚಿತ ಕಂಠವೂ ಕೊಂಚ ಯಾಂತ್ರಿಕವಾಗಿ ಕೇಳಿಸುವುದುಂಟು. ಆದರೂ ಧ್ರುವದಿಂದ ಧ್ರುವದವರೆಗೆ ಮಾತಿಗೆ ಎಡೆಯಿದೆ.

ಧ್ವನಿಯ ಸ್ಪಷ್ಟತೆಗೆ ಹೆಸರಾದದ್ದು 1,414 ಕಿಲೋಮೀಟರ್ ಎತ್ತರದ ಗ್ಲೋಬಲ್‌ಸ್ಟಾರ್. ಅದರ ಉಪಗ್ರಹಗಳು ಒಂದರೊಡನೊಂದು ಮಾತನಾಡಲಾರವು. ದೂರವಾಣಿಯನ್ನೂ ಭೂಕೇಂದ್ರವನ್ನೂ ಏಕಕಾಲದಲ್ಲಿ ಕಾಣಬೇಕು. ಆದುದರಿಂದ ನಡುಗಡಲಿನಲ್ಲಿ ಅದನ್ನು ನಂಬುವಂತಿಲ್ಲ. ಇಂಪಾದ ಧ್ವನಿಗಿಂತ ಸಿಕ್ಕುವ ಧ್ವನಿ ನಾವಿಕನಿಗೆ ಮುಖ್ಯ.

ಉಪಗ್ರಹವೇ ಕೆಟ್ಟರೆ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. 2009ರ ಫೆಬ್ರವರಿ 10ರಂದು ಇರಿಡಿಯಮ್‌ನ ಒಂದು ಉಪಗ್ರಹವು ನಿಷ್ಕ್ರಿಯವಾಗಿದ್ದ ರಷ್ಯದ ಉಪಗ್ರಹಕ್ಕೆ ಬಡಿದು ಚೂರುಚೂರಾಯಿತು. ಕೆಲವೇ ವಾರಗಳಲ್ಲಿ, ಮೊದಲೇ ಕಕ್ಷೆಯಲ್ಲಿರಿಸಿದ್ದ ಹೆಚ್ಚುವರಿ ಉಪಗ್ರಹವೊಂದು ಅದರ ಸ್ಥಾನಕ್ಕೆ ಬಂದಿತು. 2024ರ ಏಪ್ರಿಲ್‌ನಲ್ಲಿ ಎತ್ತರದ ಕಕ್ಷೆಯ ತುರಾಯಾ-3 ಕೆಟ್ಟಾಗಲಾದರೋ, ಆಸ್ಟ್ರೇಲಿಯವೂ ಸೇರಿದಂತೆ ವಿಶಾಲ ಪ್ರದೇಶದಲ್ಲಿ ಆ ಸೇವೆಯೇ ನಿಂತುಹೋಯಿತು.

ಯಾವ ಜಾಲವಾದರೂ ತೆರೆದ ಆಕಾಶ ಬೇಕು. ತಾರಸಿಯ ಕೆಳಗೆ, ದಟ್ಟ ಮರಗಳ ನಡುವೆ ಕರೆ ಸಾಗದು. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಇಂತಹ ದೂರವಾಣಿಯನ್ನು ಇಟ್ಟುಕೊಳ್ಳುವಂತಿಲ್ಲ. ಬಿ.ಎಸ್.ಎನ್.ಎಲ್. 2017ರಲ್ಲಿ ಇನ್ಮಾರ್ಸಾಟ್ ಉಪಗ್ರಹಗಳ ಮೂಲಕ ಈ ಸೇವೆಯನ್ನು ಆರಂಭಿಸಿತು.