ರುಂಡ ಯಾರದು?

ಕೂದಲ ಬದಲು ಹಾವು, ನೋಡಿದವರನ್ನು ಕಲ್ಲಾಗಿಸುವ ಕಣ್ಣು. ಗ್ರೀಕ್ ಪುರಾಣದಲ್ಲಿ ಮೆಡೂಸಾ ಎಂದರೆ ರಾಕ್ಷಸಿ. ಅವಳ ತಲೆ ಕಡಿದ ಪರ್ಸಿಯಸ್ ವೀರ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶಿಲ್ಪಿ ಚೆಲ್ಲೀನಿಯ ಕಂಚಿನ ಪರ್ಸಿಯಸ್ 1554ರಿಂದಲೂ ಆ ರುಂಡ ಎತ್ತಿಹಿಡಿದು ನಿಂತಿದ್ದಾನೆ.

ಆದರೆ ರೋಮನ್ ಕವಿ ಓವಿಡ್ ಹೇಳುವಂತೆ ಮೆಡೂಸಾ ಮೊದಲು ಚೆಲುವೆ. ಸಮುದ್ರದೇವ ಅವಳ ಮೇಲೆ ಅತ್ಯಾಚಾರ ಎಸಗಿದ್ದು ಅಥೀನಾ ದೇವಿಯ ಗುಡಿಯಲ್ಲೇ. ದೇವಿ ಶಿಕ್ಷಿಸಿದ್ದು ಅವನನ್ನಲ್ಲ, ಅವಳನ್ನು. ಹಾವಿನ ತಲೆ ಬಂದದ್ದು ಹಾಗೆ.

ಅರ್ಜೆಂಟೀನಾ ಮೂಲದ ಶಿಲ್ಪಿ ಲೂಸಿಯಾನೊ ಗರ್ಬಾಟಿ 2008ರಲ್ಲಿ ಈ ಚಿತ್ರವನ್ನೇ ತಿರುವುಮುರುವು ಮಾಡಿದರು. ಇಲ್ಲಿ ಕತ್ತಿ ಮೆಡೂಸಾಳದು, ರುಂಡ ಪರ್ಸಿಯಸ್‌ನದು. 2020ರಲ್ಲಿ ಇದರ ಏಳು ಅಡಿಯ ಕಂಚಿನ ಪ್ರತಿಮೆಯನ್ನು ನ್ಯೂಯಾರ್ಕಿನ ಕ್ರಿಮಿನಲ್ ನ್ಯಾಯಾಲಯದ ಎದುರಿನ ಉದ್ಯಾನದಲ್ಲಿ ಇರಿಸಲಾಯಿತು. ಆಗಲೂ ಒಂದು ಆಕ್ಷೇಪ ಕೇಳಿಬಂತು: ಅವಳ ಕೈಯಲ್ಲಿ ಇರಬೇಕಾದದ್ದು ಅತ್ಯಾಚಾರಿ ದೇವರ ತಲೆಯಲ್ಲವೇ?