ಬೆನ್ನೊಳಗಿನ ಬಳ್ಳಿ

‘ತಲೆಗೆ ಪೆಟ್ಟು ಬಿದ್ದಿಲ್ಲ, ಕಾಲು ಮುರಿದಿಲ್ಲ. ಮತ್ಯಾಕೆ ಇವ ಏಳಲ್ಲ?’

ಮೂರು ವರ್ಷಗಳಿಂದ ಮನೆಗೆ ಬಂದವರನ್ನೆಲ್ಲ ಅಜ್ಜಿ ಕೇಳುವ ಪ್ರಶ್ನೆ ಇದು. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ನಮ್ಮೂರು. ಒಂದು ಮಳೆಗಾಲದಲ್ಲಿ ಕೊಳೆರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದ ಚಿಕ್ಕಪ್ಪ ಜಾರಿ ಬಿದ್ದರು. ಮೈಮೇಲೆ ಒಂದು ಹನಿ ರಕ್ತವಿರಲಿಲ್ಲ. ಇಬ್ಬರು ತೋಳು ಹಿಡಿದರು, ನಾನು ಕಾಲು ಹಿಡಿದೆ. ಮೂಟೆಯ ಹಾಗೆ ಎತ್ತಿ, ಬೆನ್ನು ಬಗ್ಗಿಸಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅಂದಿನಿಂದ ಅವರಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಮೆದುಳಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಆದರೂ ಅಜ್ಜಿಯ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ, ಗೆಳತಿಯರ ಜೊತೆ ನಿಮ್ಹಾನ್ಸ್‌ನ ಮೆದುಳಿನ ಮ್ಯೂಸಿಯಂಗೆ ಹೋದಾಗ.

ಅಲ್ಲಿ ಗಾಜಿನ ಜಾಡಿಗಳಲ್ಲಿ ಇರುವುದು ನಿಜವಾದ ಮೆದುಳುಗಳು. ಕೈಗವಸು ಹಾಕಿಕೊಂಡರೆ ಒಂದನ್ನು ಕೈಯಲ್ಲಿ ಹಿಡಿದೂ ನೋಡಬಹುದು. ನನ್ನ ಅಂಗೈಗೆ ಬಂದಾಗ ಮೊದಲು ಅನಿಸಿದ್ದು, ‘ಇಷ್ಟೇನಾ?’ ಎಂದು. ಸುಮಾರು 1.4 ಕೆ.ಜಿ. ತೂಕ. ಫಾರ್ಮಲಿನ್‌ನಲ್ಲಿಟ್ಟಿದ್ದರಿಂದ ಗಟ್ಟಿಯಾಗಿತ್ತು, ಬದುಕಿರುವಾಗ ಅದು ಬೆಣ್ಣೆಯಷ್ಟೇ ಮೆತ್ತಗಂತೆ. ಅದಕ್ಕೇ ತಲೆಬುರುಡೆ, ಅದರೊಳಗೆ ಮೂರು ಪೊರೆ, ಪೊರೆಗಳ ನಡುವೆ ದ್ರವ. ಇಷ್ಟೆಲ್ಲ ಕಾವಲು. ಮೈತೂಕದಲ್ಲಿ ಅದರ ಪಾಲು ಶೇ 2. ದೇಹ ವಿಶ್ರಾಂತಿಯಲ್ಲಿರುವಾಗಲೂ ಬಳಸುವ ಶಕ್ತಿ ಮಾತ್ರ ಸುಮಾರು ಶೇ 20.

ಸುಕ್ಕುಸುಕ್ಕಾದ ದೊಡ್ಡ ಭಾಗ ಮಹಾಮಸ್ತಿಷ್ಕ. ಯೋಚನೆ, ಮಾತು, ನೆನಪು ಎಲ್ಲ ಅಲ್ಲಿ. ‘ಕಾಲೆತ್ತು’ ಎಂಬ ಅಪ್ಪಣೆ ಹೊರಡುವುದೂ ಅಲ್ಲಿಂದಲೇ. ಹಿಂದೆ ಕೆಳಗಿರುವ ಚಿಕ್ಕ ಭಾಗ ಅನುಮಸ್ತಿಷ್ಕ. ಅಡಿಕೆ ಮರದ ತುದಿಯಲ್ಲಿ ತೂಗಾಡುತ್ತಲೇ ಕೆಲಸ ಮಾಡುವವರ ಸಮತೋಲನ ಅದರ ಕೈಯಲ್ಲಿದೆ. ಅದರ ಮುಂದಿರುವುದು ಮೆದುಳಿನ ಕಾಂಡ. ಉಸಿರಾಟ, ಹೃದಯ ಬಡಿತಗಳನ್ನು ನಾವು ನಿದ್ದೆ ಹೋದಾಗಲೂ ನೋಡಿಕೊಳ್ಳುವುದು ಅದು. ಎಡ ಮೆದುಳಿನ ಅಪ್ಪಣೆ ಬಲಗಡೆಗೂ ಬಲ ಮೆದುಳಿನದು ಎಡಗಡೆಗೂ ದಾಟುವುದು ಈ ಕಾಂಡದ ತಳದಲ್ಲೇ.

ಆಮೇಲೆ ಕಂಡಿದ್ದು ಮೆದುಳುಬಳ್ಳಿ. ನಾನು ಅಲ್ಲೇ ನಿಂತುಬಿಟ್ಟೆ. ದಪ್ಪ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂ.ಮೀ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹೊರಗಿನಿಂದ ಹಬ್ಬಿರುತ್ತದೆ. ಈ ಬಳ್ಳಿ ಮಾತ್ರ ಬೆನ್ನುಮೂಳೆಯ ಮಣಿಗಳ ಒಳಗೆ ಇಳಿದಿದೆ. ಅದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಮೈಯ ಸುದ್ದಿ ಮೇಲೆ ಹೋಗುವುದೂ ಮೆದುಳಿನ ಅಪ್ಪಣೆ ಕೆಳಗೆ ಬರುವುದೂ ಇದರ ಮೂಲಕವೇ. ಕತ್ತಿನ ಹತ್ತಿರ ಇದು ಜಜ್ಜಿದರೆ ಕೈಯೂ ಹೋಗಬಹುದು, ಇನ್ನೂ ಮೇಲಾದರೆ ಉಸಿರೇ ನಿಲ್ಲಬಹುದು. ಚಿಕ್ಕಪ್ಪನಿಗೆ ಪೆಟ್ಟಾಗಿದ್ದು ಬೆನ್ನಿನ ಕೆಳಭಾಗದಲ್ಲಿ. ಅದಕ್ಕೇ ಕೈಗಳು ಉಳಿದವು. ಕೈಕಾಲಿನ ನರಗಳು ನಿಧಾನಕ್ಕಾದರೂ ಮತ್ತೆ ಚಿಗುರಬಲ್ಲವು. ಈ ಬಳ್ಳಿಯೊಳಗಿನ ಎಳೆಗಳು ಹಾಗೆ ಚಿಗುರುವುದಿಲ್ಲ.

ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಚಿಕ್ಕಪ್ಪನ ಕಾಲು ಆಗಾಗ ತಾನೇ ತಾನಾಗಿ ಜಿಗಿಯುತ್ತದೆ. ಅಜ್ಜಿ ಆಗೆಲ್ಲ ದೇವರಿಗೆ ದೀಪ ಹಚ್ಚುತ್ತಾರೆ, ‘ಜೀವ ಬರ್ತಾ ಇದೆ’ ಎಂದು. ‘ಅದು ಮೆದುಳಿನಿಂದ ಬಂದ ಅಪ್ಪಣೆಯಲ್ಲ’ ಎಂದರು ವಿವರಿಸುತ್ತಿದ್ದವರು. ಬಿಸಿ ಪಾತ್ರೆ ಮುಟ್ಟಿದಾಗ ಮೆದುಳಿಗೆ ತಿಳಿಯುವ ಮೊದಲೇ ಕೈ ಹಿಂದೆ ಬರುತ್ತದಲ್ಲ, ಅದು ಮೆದುಳುಬಳ್ಳಿಯದೇ ತೀರ್ಮಾನ. ಪೆಟ್ಟಾದ ಜಾಗದ ಕೆಳಗೆ ಬಳ್ಳಿ ಇನ್ನೂ ಬದುಕಿರುತ್ತದೆ. ಮೇಲಿನವರ ಹಿಡಿತ ತಪ್ಪಿದ್ದರಿಂದ ಕಾಲನ್ನು ಹೀಗೆ ಎಳೆದಾಡಿಸುತ್ತದೆ.

ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಹೇಗೆ ಹೇಳುವುದೆಂದು ಎರಡು ದಿನ ತಡವರಿಸಿದೆ. ಕೊನೆಗೆ ಹೇಳಿದೆ. ‘ಗೊತ್ತು ಪುಟ್ಟಿ, ಆಸ್ಪತ್ರೇಲೇ ಹೇಳಿದ್ರು. ಅಮ್ಮಂಗೆ ಹೇಳ್ಬೇಡ’ ಎಂದರು. ‘ನಾನೇ ಕಾಲು ಹಿಡ್ದು ಎತ್ತಿದ್ದು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬಿದ್ದಾಗಲೇ ಹೋಗಿತ್ತೋ, ಎತ್ತುವಾಗ ಹೋಯ್ತೋ, ಯಾರಿಗ್ಗೊತ್ತು? ಮುಂದೆ ಬಿದ್ದವ್ರನ್ನ ಹಂಗೆ ಎತ್ಬೇಡಿ, ಅಷ್ಟೆ’ ಎಂದರು.

ಅಜ್ಜಿಗೆ ಮೆಣಸಿನ ಬಳ್ಳಿ ತೋರಿಸಿ, ನಡುವೆ ಜಜ್ಜಿದರೆ ತುದಿಗೆ ಏನೂ ತಲುಪುವುದಿಲ್ಲ ಎಂದಷ್ಟೇ ವಿವರಿಸಿದೆ. ‘ಹಂಗಾದ್ರೆ ಬೇರು ತಲೇಲಿದೆ ಅನ್ನು’ ಎಂದರು. ಪಾಠ ಅವರಿಗೆ ನನಗಿಂತ ಬೇಗ ಅರ್ಥವಾಗಿತ್ತು. ಕಾಲು ಜಿಗಿಯುವ ವಿಷಯ ಮಾತ್ರ ನಾನು ಎತ್ತಲಿಲ್ಲ. ಅವರಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಈಗ ನಮ್ಮ ಅಡಿಕೆ ಮನೆಯ ಗೋಡೆಗೆ ಆಳುದ್ದದ ಒಂದು ಹಲಗೆ ಒರಗಿಸಿಟ್ಟಿದ್ದೇವೆ. ಕೊನೆ ತೆಗೆಯಲು ಬರುವ ಹುಡುಗರಿಗೆ ಮೊದಲೇ ಹೇಳುತ್ತೇನೆ: ಯಾರಾದರೂ ಬಿದ್ದರೆ ಎಬ್ಬಿಸಿ ಕೂರಿಸಬೇಡಿ, ಕತ್ತು ಬೆನ್ನು ತಿರುಗಿಸಬೇಡಿ. 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾಗಿ ಬಂದರೆ ನಾಲ್ಕೈದು ಜನ ಸೇರಿ, ತಲೆ, ಕತ್ತು, ಬೆನ್ನು ಒಂದೇ ನೇರಕ್ಕಿರುವಂತೆ ಹಿಡಿದು ಹಲಗೆಗೆ ಹಾಕಿ. ಮೊದಲು ನಗುತ್ತಿದ್ದರು. ಜಗುಲಿಯಲ್ಲಿ ಗಾಲಿ ಕುರ್ಚಿಯ ಮೇಲೆ ಕೂತು ಅಡಿಕೆ ಸುಲಿಯುವ ಚಿಕ್ಕಪ್ಪನನ್ನು ನೋಡಿದ ಮೇಲೆ ಯಾರೂ ನಗುವುದಿಲ್ಲ.